ಹಳೆಯ ಬಟ್ಟೆಯ ಬೆಚ್ಚನೆಯ ಪಾಠ

ಹೆರಿಗೆಯಾದ ಮನೆಯಲ್ಲಿ ಹಸುಗೂಸಿಗೆ ಮೊದಲು ಹೊದಿಸುವುದು ಬಹುಮಟ್ಟಿಗೆ ಹೊಸ ಬಟ್ಟೆಯನ್ನಲ್ಲ. ಅಜ್ಜಿಯ ಹಳೆಯ ನೂಲಿನ ಸೀರೆಯನ್ನೋ ಅಜ್ಜನ ಧೋತರವನ್ನೋ ಹರಿದು, ಒಗೆದು, ಬಿಸಿಲಿಗೆ ಒಣಗಿಸಿ, ಮಡಿಸಿ ಇಟ್ಟಿರುತ್ತಾರೆ. ಮನೆಯಲ್ಲಿ ಬಡತನವಿರುವುದೇ ಇದಕ್ಕೆ ಕಾರಣವಲ್ಲ. ಹೊಸ ಬಟ್ಟೆಯಲ್ಲಿ ಗಂಜಿಯ ಬಿರುಸು ಇರುತ್ತದೆ. ನೂರಾರು ಬಾರಿ ಒಗೆತ ಕಂಡ ಹತ್ತಿಯ ಬಟ್ಟೆಯಾದರೋ ಮೃದುವಾಗಿ, ನೀರನ್ನು ಬೇಗ ಹೀರಿಕೊಳ್ಳುವಂತಾಗಿರುತ್ತದೆ. ಕೂಸಿನ ಎಳೆಯ ಚರ್ಮಕ್ಕೆ ಅದಕ್ಕಿಂತ ಹಿತವಾದುದು ಬೇರೊಂದಿಲ್ಲ. ಹೀಗೆ ಮನುಷ್ಯನು ಈ ಲೋಕದಲ್ಲಿ ಪಡೆಯುವ ಮೊದಲ ಉಡುಗೊರೆಯೇ ಇನ್ನೊಬ್ಬರು ಬಳಸಿ ಬಿಟ್ಟ ವಸ್ತು. ಹಿರಿಯರು ಈ ಬಳಕೆಯಲ್ಲಿ ಮಿತವ್ಯಯವನ್ನೂ ಮಮತೆಯನ್ನೂ ಒಂದೇ ದಾರದಲ್ಲಿ ಪೋಣಿಸಿದ್ದರು.

ಒಂದು ಸೀರೆಯ ಬಾಳನ್ನು ಗಮನಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹಬ್ಬಕ್ಕೆಂದು ಕೊಂಡ ಸೀರೆ ಕೆಲವು ವರ್ಷಗಳಲ್ಲಿ ದಿನಬಳಕೆಗೆ ಇಳಿಯುತ್ತದೆ. ಸೆರಗು ಸವೆದ ಮೇಲೆ, ಗಟ್ಟಿಯಾಗಿ ಉಳಿದ ಭಾಗವು ಮಗಳ ಲಂಗವಾಗುತ್ತದೆ. ಇಲ್ಲವೆ ತೊಲೆಗೆ ಕಟ್ಟಿದ ಜೋಲಿಯಾಗಿ ಕೂಸನ್ನು ತೂಗುತ್ತದೆ. ಲಂಗವೂ ಹರಿದಾಗ ಅದರ ತುಂಡುಗಳು ಕೌದಿಯನ್ನು ಸೇರುತ್ತವೆ. ಕೌದಿಗೂ ಬಾರದ ಚಿಂದಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ, ನೆಲ ಒರೆಸುವ ಅರಿವೆಯಾಗಿ ತನ್ನ ಸೇವೆಯನ್ನು ಮುಗಿಸುತ್ತದೆ.

ಇವುಗಳಲ್ಲೆಲ್ಲ ಕೌದಿಯ ಕಥೆ ಸ್ವಾರಸ್ಯವಾದುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿಗೆ ಹಾಕುತ್ತಾರೆ. ಬೇಸಿಗೆಯಲ್ಲಿ ಅದು ಹಾಸುವ ಬಟ್ಟೆ, ಚಳಿಗಾಲದಲ್ಲಿ ಹೊದೆಯುವ ಬಟ್ಟೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಕಡೆ ನೆಲೆಸಿರುವ ಸಿದ್ದಿ ಜನಾಂಗದ ಮಹಿಳೆಯರು ಕೌದಿಯ ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಸಣ್ಣ ಹೂವುಗಳನ್ನು ಇರಿಸದೆ ಕೌದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಕೂಸುಗಳಿಗಾಗಿ ಪುಟ್ಟ ಕೌದಿಗಳನ್ನು ಬೇರೆಯಾಗಿ ಹೊಲಿಯುವುದೂ ಉಂಟು. ಬಂಗಾಳದ ಕಾಂಥಾ, ಬಿಹಾರದ ಸುಜನಿ ಎಂಬ ಹೊದಿಕೆಗಳೂ ಇದೇ ಬಗೆಯವು. ಭಾಷೆ ಬೇರೆ, ಹೊಲಿಗೆಯ ರೀತಿ ಬೇರೆ. ಆದರೆ ಹಳೆಯ ಬಟ್ಟೆಯಿಂದ ಹೊಸ ಜೀವವನ್ನು ಬೆಚ್ಚಗಿಡುವ ತಾಯ್ತನವೊಂದೇ.

ಬಟ್ಟೆಯಂತೆ ತೊಟ್ಟಿಲೂ ಕೈಯಿಂದ ಕೈಗೆ ಸಾಗುವ ವಸ್ತು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ಹೆಸರಾದವು. ಮರದಲ್ಲಿ ಕಡೆದು, ಪುರಾಣದ ಚಿತ್ರಗಳನ್ನು ಬರೆದು ಸಿದ್ಧಪಡಿಸುವ ಇಂಥ ತೊಟ್ಟಿಲಿನಲ್ಲಿ ಒಂದೇ ಮನೆತನದ ಹಲವು ತಲೆಮಾರಿನ ಮಕ್ಕಳು ಮಲಗಿ ಎದ್ದಿರುತ್ತಾರೆ. ತೊಟ್ಟಿಲಿಲ್ಲದವರು ನೆರೆಮನೆಯಿಂದ ಎರವಲು ತರುತ್ತಿದ್ದರು. ಕೂಸು ಅದರಲ್ಲಿ ಮಲಗುವುದು ಹೆಚ್ಚೆಂದರೆ ವರ್ಷವೊಂದು. ಅಷ್ಟರ ಸಲುವಾಗಿ ಮನೆಮನೆಗೂ ಒಂದೊಂದು ತೊಟ್ಟಿಲೇಕೆ ಎಂಬುದು ಆ ಕಾಲದ ವಿವೇಕ.

ಮಕ್ಕಳು ಬೆಳೆದಂತೆ ಮನೆಯ ಖರ್ಚೂ ಬೆಳೆಯುತ್ತದೆ. ತಾಯಿಯ ಜಾಣ್ಮೆಯೂ ಬೆಳೆಯಬೇಕಾಗುತ್ತದೆ. ಲಂಗ ಹೊಲಿಸುವಾಗ ಕೆಳಗೆ ಎರಡು ಮಡಿಕೆಗಳನ್ನು ಇಡಿಸುತ್ತಾರೆ. ಮಗಳು ಎತ್ತರವಾದಂತೆ ವರ್ಷಕ್ಕೊಂದು ಮಡಿಕೆಯನ್ನು ಬಿಚ್ಚಿದರಾಯಿತು. ಹಿಂದಿನ ವರ್ಷದ ನೋಟುಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಕಿತ್ತು ಒಟ್ಟುಗೂಡಿಸಿ ಹೊಲಿದರೆ ಲೆಕ್ಕ ಮಾಡಲು ಒಂದು ಪುಸ್ತಕ ಸಿದ್ಧ. ಕಳೆದ ವರ್ಷದ ಕ್ಯಾಲೆಂಡರಿನ ದಪ್ಪ ಹಾಳೆ ಪಠ್ಯಪುಸ್ತಕಕ್ಕೆ ರಟ್ಟಿನ ಹೊದಿಕೆಯಾಗುತ್ತದೆ. ನಿಘಂಟು, ಭೂಪಟಗಳ ಪುಸ್ತಕಗಳಂಥ ಬೆಲೆಬಾಳುವ ಗ್ರಂಥಗಳನ್ನು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು. ಬೆಂಗಳೂರಿನ ಅವೆನ್ಯೂ ರಸ್ತೆ ಇಂಥ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರುವಾಸಿಯಾಗಿದೆ. ಬಳಸಿದ ಪುಸ್ತಕವನ್ನು ಕೊಳ್ಳುವವರು ಹಾಳೆಗಳೆಲ್ಲ ಇವೆಯೆ, ಪಠ್ಯಕ್ರಮ ಬದಲಾಗಿಲ್ಲವೆ ಎಂಬುದನ್ನು ನೋಡಿಕೊಳ್ಳಬೇಕು. ಬಳಕೆಗೆ ಬಾರದ ಪುಸ್ತಕಕ್ಕೆ ತೆತ್ತ ಸಣ್ಣ ಬೆಲೆಯೂ ದುಂದೇ.

ಇಷ್ಟೆಲ್ಲ ಸರಿ. ಆದರೆ ಹಳೆಯದನ್ನು ಬಳಸುವ ಮಕ್ಕಳ ಮನಸ್ಸಿನಲ್ಲಿ ಏನು ನಡೆಯುತ್ತದೆ? ಈ ಪ್ರಶ್ನೆಯನ್ನು ಕೇಳದೆ ಹೋದರೆ ಮಿತವ್ಯಯದ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಧಾರವಾಡದ ಕಡೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ತಂದೆ ಸಣ್ಣ ಸಂಬಳದ ಗುಮಾಸ್ತ. ಮಕ್ಕಳು ಮೂವರು. ಕಿರಿಯ ಮಗಳು ಒಂಬತ್ತನೆಯ ತರಗತಿಗೆ ಕಾಲಿಟ್ಟಿದ್ದಳು. ಶಾಲೆ ಆರಂಭವಾಗುವ ಹಿಂದಿನ ಸಂಜೆ ತಾಯಿ ಅವಳ ಮುಂದೆ ಸಮವಸ್ತ್ರವನ್ನೂ ಕಂಪಾಸ್ ಪೆಟ್ಟಿಗೆಯನ್ನೂ ನಿಘಂಟನ್ನೂ ಇಟ್ಟಳು. ಎಲ್ಲವೂ ಅಕ್ಕ ಬಳಸಿದವು. ನಿಘಂಟಿನ ಮೊದಲ ಪುಟದಲ್ಲಿ ಅಕ್ಕನ ಹೆಸರು ದುಂಡಗಿನ ಅಕ್ಷರಗಳಲ್ಲಿತ್ತು. ಅದನ್ನು ನೋಡುತ್ತಲೇ ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

"ಅವ್ವಾ, ಇದರಾಗೂ ಅಕ್ಕನ ಹೆಸರೈತಿ. ಅರಿವಿ ಅಕ್ಕಂದು, ಪೆಟ್ಟಿಗಿ ಅಕ್ಕಂದು. ನನ್ನದು ಅನ್ನೂದು ಈ ಮನ್ಯಾಗ ಏನೈತಿ?"

ತಾಯಿಗೆ ಉತ್ತರ ಹೊಳೆಯಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ತಂದೆ ಆ ಮಾತನ್ನು ಕೇಳಿದನು. ಅವನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಒಳಗಿನಿಂದ ಮನೆಯ ಲೆಕ್ಕದ ಪುಸ್ತಕವನ್ನು ತಂದು, ಮೂವರು ಮಕ್ಕಳನ್ನೂ ಕೂರಿಸಿಕೊಂಡು ಪುಟಗಳನ್ನು ತೆರೆದನು. ಎಲ್ಲವನ್ನೂ ಹೊಸದಾಗಿ ಕೊಂಡಿದ್ದರೆ ಎಷ್ಟಾಗುತ್ತಿತ್ತು, ಈಗ ಆದದ್ದೆಷ್ಟು ಎಂದು ತೋರಿಸಿದನು. ಉಳಿದ ಹಣ ಎಲ್ಲಿ ಹೋಯಿತೆಂಬುದೂ ಅಲ್ಲಿ ಬರೆದಿತ್ತು. ಅಕ್ಕನ ಕಾಲೇಜಿನ ಶುಲ್ಕ, ಅಣ್ಣನ ಕನ್ನಡಕ, ಕಿರಿಯವಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುತ್ತಿದ್ದ ಉಳಿತಾಯ.

"ನಿನ್ನ ಮಾತು ಖರೇ ಐತಿ, ಮಗಳ. ಈ ಲೆಕ್ಕಾ ನಮಗ ಗೊತ್ತಿತ್ತು. ನಿಮಗ ಹೇಳಲಿಲ್ಲ. ಅದು ನಮ್ಮ ತಪ್ಪು," ಎಂದನು ತಂದೆ.

ದೀಪದ ಬೆಳಕಿನಲ್ಲಿ ಹುಡುಗಿ ತಂದೆಯ ಅಂಗಿಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಅದರ ಸವೆದ ಕಾಲರನ್ನು ಬಿಚ್ಚಿ, ಒಳಮುಖವನ್ನು ಹೊರಗೆ ತಿರುಗಿಸಿ ಹೊಲಿಸಲಾಗಿತ್ತು. ತಾಯಿಯ ಸೀರೆಯಲ್ಲಿ ಎರಡು ಕಡೆ ಹೊಲಿಗೆಯಿತ್ತು. ಹಳೆಯದರ ಭಾರವನ್ನು ತಾನೊಬ್ಬಳೇ ಹೊತ್ತಿಲ್ಲವೆಂಬುದು ಅವಳಿಗೆ ಅರಿವಾಯಿತು. ಅಂದು ಆ ಮನೆಯಲ್ಲಿ ಒಂದು ಹೊಸ ನಿಯಮವಾಯಿತು: ವರ್ಷಕ್ಕೊಮ್ಮೆ ಪ್ರತಿಯೊಂದು ಮಗುವೂ ತನಗೆ ಬೇಕಾದ ಒಂದು ವಸ್ತುವನ್ನು ಹೊಸದಾಗಿ ಆರಿಸಿಕೊಳ್ಳಬಹುದು, ಉಳಿದವುಗಳಲ್ಲಿ ಇರುವುದನ್ನೇ ಬಳಸಬೇಕು. ಆ ವರ್ಷ ಕಿರಿಯವಳು ಹೊಸ ಸಮವಸ್ತ್ರವನ್ನೇ ಕೇಳಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ದರ್ಜಿಯ ಅಂಗಡಿಯಲ್ಲಿ ಅಳತೆ ಕೊಟ್ಟ ಮೇಲೆ, ಕೆಳಗೆ ಎರಡು ಮಡಿಕೆ ಇರಲೆಂದು ಹೇಳಿದವಳು ಅವಳೇ. ಮನೆಗೆ ಬಂದು ನಿಘಂಟಿನ ಮೊದಲ ಪುಟದಲ್ಲಿ ಅಕ್ಕನ ಹೆಸರಿನ ಕೆಳಗೆ ತನ್ನ ಹೆಸರನ್ನು ಬರೆದಳು.

ಕೊರತೆಯನ್ನು ಎಲ್ಲರೂ ಹಂಚಿಕೊಂಡಾಗ ಅದು ಅವಮಾನವಾಗಿ ಉಳಿಯುವುದಿಲ್ಲ. ಈ ಸತ್ಯ ಒಂದು ಮನೆಗೆ ಹೇಗೋ ಒಂದು ದೇಶಕ್ಕೂ ಹಾಗೆಯೇ ಅನ್ವಯಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಯ ಅಭಾವ ತಲೆದೋರಿತು. 1941ರ ಜೂನ್ 1ರಂದು ಅಲ್ಲಿಯ ಸರಕಾರವು ಬಟ್ಟೆಗೂ ಪಡಿತರವನ್ನು ಜಾರಿಗೆ ತಂದಿತು. ಮೊದಲ ವರ್ಷ ತಲೆಗೆ 66 ಕೂಪನ್ನುಗಳು. ಹಣವೆಷ್ಟಿದ್ದರೂ ಕೂಪನ್ನಿಲ್ಲದೆ ಅಂಗಡಿಯಲ್ಲಿ ಹೊಸ ಬಟ್ಟೆ ಸಿಗುತ್ತಿರಲಿಲ್ಲ. ಹೆಚ್ಚು ತೊಂದರೆಯಾದುದು ಮಕ್ಕಳಿದ್ದ ಮನೆಗಳಿಗೆ. ಮಕ್ಕಳ ಬೆಳವಣಿಗೆ ಯುದ್ಧ ಮುಗಿಯುವವರೆಗೆ ಕಾಯುವುದಿಲ್ಲವಷ್ಟೆ! ಆಗ ಮಹಿಳೆಯರ ಸ್ವಯಂಸೇವಾ ಸಂಘವು ಮಕ್ಕಳ ಬಟ್ಟೆಗಳ ವಿನಿಮಯ ಕೇಂದ್ರಗಳನ್ನು ತೆರೆಯಿತು. ತಾಯಂದಿರು ತಮ್ಮ ಮಕ್ಕಳಿಗೆ ಚಿಕ್ಕದಾದ ಉಡುಪು, ಬೂಟುಗಳನ್ನು ಅಲ್ಲಿಗೆ ಒಪ್ಪಿಸಿ, ಅಳತೆಗೆ ಸರಿಹೊಂದುವ ಬೇರೆಯವನ್ನು ಒಯ್ಯುತ್ತಿದ್ದರು. 1943ರಲ್ಲಿ ಸರಕಾರವು ಇರುವುದರಲ್ಲಿಯೇ ಸುಧಾರಿಸಿಕೊಂಡು ಹರಿದುದನ್ನು ಹೊಲಿದು ಬಳಸುವ ಬಗೆಯನ್ನು ತಿಳಿಸುವ ಕಿರುಹೊತ್ತಗೆಯನ್ನೇ ಪ್ರಕಟಿಸಿತು. ಯುದ್ಧ ಮುಗಿದ ಮೇಲೂ ಈ ಪಡಿತರ 1949ರವರೆಗೆ ನಡೆಯಿತು. ತೇಪೆ ಹಾಕಿದ ಉಡುಪು ಆ ವರ್ಷಗಳಲ್ಲಿ ಯಾರನ್ನೂ ಕೀಳಾಗಿ ಕಾಣಲು ಕಾರಣವಾಗಲಿಲ್ಲ. ಅದು ನಾಡಿಗಾಗಿ ಮಾಡಿದ ಕೆಲಸವೆಂದೇ ಎಣಿಕೆಯಾಯಿತು.

ವಸ್ತುವಿನ ಬೆಲೆ ಬೇರೆ, ಮೌಲ್ಯ ಬೇರೆ ಎಂಬುದನ್ನು ಗಾಂಧೀಜಿಯವರ ಬದುಕಿನ ಒಂದು ಸಣ್ಣ ಘಟನೆ ತಿಳಿಸುತ್ತದೆ. ಕಾಕಾ ಕಾಲೇಲ್ಕರರು ಇದನ್ನು ಹೇಳಿದ್ದಾರೆ. ಕಾಂಗ್ರೆಸ್ ಅಧಿವೇಶನದ ಕೆಲಸದ ನಡುವೆ ಗಾಂಧೀಜಿ ಏನನ್ನೋ ಆತುರದಿಂದ ಹುಡುಕುತ್ತಿದ್ದರು. ಅದು ಬೆರಳುದ್ದವೂ ಇಲ್ಲದ ಪೆನ್ಸಿಲಿನ ತುಂಡು. ಕಾಲೇಲ್ಕರರು ತಮ್ಮ ಪೆನ್ಸಿಲನ್ನು ಕೊಡಹೋದರೂ ಅವರು ಒಪ್ಪಲಿಲ್ಲ. ಮದ್ರಾಸಿನಲ್ಲಿ ಒಂದು ಮಗು ಪ್ರೀತಿಯಿಂದ ತಂದುಕೊಟ್ಟ ಪೆನ್ಸಿಲು ಅದಾಗಿತ್ತು. ಕೊನೆಗೆ ಅದು ದೊರೆತ ಮೇಲೆಯೇ ಅವರಿಗೆ ಸಮಾಧಾನವಾಯಿತು. ಆ ತುಂಡಿನ ಬೆಲೆ ಕವಡೆಯಷ್ಟೂ ಇರಲಿಲ್ಲ. ಅದರಲ್ಲಿದ್ದ ಮಗುವಿನ ಪ್ರೀತಿಯನ್ನು ಕಳೆದುಕೊಳ್ಳಲು ಅವರು ಸಿದ್ಧರಿರಲಿಲ್ಲ.

ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಅಂತರವನ್ನು ಮರೆಯಬಾರದು. ಜಿಪುಣನು ಹಣವನ್ನು ಉಳಿಸಲು ಮಕ್ಕಳ ಅಗತ್ಯವನ್ನು ಕತ್ತರಿಸುತ್ತಾನೆ. ಮಿತವ್ಯಯಿಯು ಮಕ್ಕಳ ಅಗತ್ಯವನ್ನು ಪೂರೈಸಲು ಹಣವನ್ನು ಉಳಿಸುತ್ತಾನೆ. ಹಾಲು, ಹಣ್ಣು, ಔಷಧಿ, ವಿದ್ಯೆ ಇವುಗಳಲ್ಲಿ ಕೈಹಿಡಿತ ಸಲ್ಲದು. ಮಗನಿಗೆ ಹೊಸದು, ಮಗಳಿಗೆ ಹಳೆಯದು ಎಂಬ ಭೇದವೂ ಮಿತವ್ಯಯವಲ್ಲ, ಅನ್ಯಾಯ. ಹಳೆಯದೆಲ್ಲವೂ ಬಳಕೆಗೆ ಯೋಗ್ಯವೆಂದು ತಿಳಿಯುವುದೂ ಸರಿಯಲ್ಲ. ಬಣ್ಣದ ಚಕ್ಕೆ ಏಳುವ ಹಳೆಯ ಆಟಿಕೆಯಲ್ಲಿ ಸೀಸದ ಅಂಶವಿರಬಹುದು. ಅದು ಎಳೆಯರ ಮೆದುಳಿಗೆ ಕೇಡು. ಅವಧಿ ಮುಗಿದ ಔಷಧಿ, ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್, ಬಿರುಕು ಬಿಟ್ಟ ಹಾಲಿನ ಬಾಟಲಿ ಇವುಗಳನ್ನು ದೂರವಿಡಬೇಕು. ಮುದ್ರಣದ ಮಸಿ ತಿನಿಸಿಗೆ ಅಂಟುವುದರಿಂದ ಹಳೆಯ ವೃತ್ತಪತ್ರಿಕೆಯಲ್ಲಿ ತಿಂಡಿ ಕಟ್ಟುವುದು ತಕ್ಕುದಲ್ಲ. ಕೊಂಡು ತಂದ ಹಳೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದ ಮೇಲೆಯೇ ಮಗುವಿಗೆ ತೊಡಿಸಬೇಕು.

ಇಂದು ಅಂಗಡಿಗಳು ಸರಕುಗಳಿಂದ ತುಂಬಿವೆ. ಹಣ ಕೈಯಲ್ಲಿಲ್ಲದವರಿಗೂ ಕಂತಿನ ಮೇಲೆ ಕೊಳ್ಳುವ ದಾರಿ ತೆರೆದಿದೆ. ಹೀಗಿರುವಾಗ ಹಳೆಯದನ್ನು ಬಳಸುವ ಅಗತ್ಯವೇನೆಂದು ಯಾರಾದರೂ ಕೇಳಬಹುದು. ಒಂದು ಹತ್ತಿಯ ಟೀ ಶರ್ಟಿಗೆ ಬೇಕಾಗುವ ಹತ್ತಿಯನ್ನು ಬೆಳೆದು ಬಟ್ಟೆಯಾಗಿಸುವಷ್ಟರಲ್ಲಿ ಸುಮಾರು 2,700 ಲೀಟರು ನೀರು ವೆಚ್ಚವಾಗುತ್ತದೆಂದು ಅಂದಾಜು ಮಾಡಲಾಗಿದೆ. ಅಣ್ಣನ ಅಂಗಿಯನ್ನು ತಮ್ಮನು ತೊಟ್ಟಾಗ ಉಳಿಯುವುದು ತಂದೆಯ ಹಣ ಮಾತ್ರವಲ್ಲ. ಎಲ್ಲೋ ಒಂದು ಕಡೆಯ ನೀರೂ ನೆಲವೂ ರೈತನ ದುಡಿಮೆಯೂ ಉಳಿಯುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಆದರೆ ಹಾಸಿಗೆ ಎಷ್ಟಿದೆಯೆಂಬುದನ್ನು ಮನೆಯ ಮಕ್ಕಳಿಗೂ ತಿಳಿಸಬೇಕು. ಅದರ ಮೇಲೆ ಎಲ್ಲರಿಗೂ ಸಮನಾಗಿ ಸ್ಥಳವಿರಬೇಕು. ಹಾಗೆ ಬೆಳೆದ ಮಕ್ಕಳು ಹಳೆಯ ಅಂಗಿ ತೊಟ್ಟ ಸಹಪಾಠಿಯನ್ನು ಕಂಡು ನಗುವುದಿಲ್ಲ. ಕೌದಿಯೊಳಗೆ ಅಜ್ಜಿಯ ಸೀರೆಯೂ ತಂದೆಯ ಧೋತರವೂ ಅಕ್ಕನ ಲಂಗವೂ ಪಕ್ಕಪಕ್ಕದಲ್ಲಿ ಕುಳಿತು ಬೆಚ್ಚಗಾಗುತ್ತವೆ. ಮಿತವ್ಯಯದ ಮನೆಯೂ ಅಂಥದೇ.

ಅಭ್ಯಾಸ

ಪದಗಳ ಅರ್ಥ
ಮಿತವ್ಯಯ – ಹಿತಮಿತವಾದ ಖರ್ಚು
ಅರಿವೆ – ಬಟ್ಟೆ
ಎರವಲು – ಹಿಂದಿರುಗಿಸುವ ಮಾತಿನ ಮೇಲೆ ಪಡೆದದ್ದು
ತೇಪೆ – ಹರಿದ ಕಡೆ ಹಾಕುವ ಬಟ್ಟೆಯ ತುಂಡು
ದುಂದು – ಅನಗತ್ಯ ವೆಚ್ಚ

ಒಂದು ವಾಕ್ಯದಲ್ಲಿ ಉತ್ತರಿಸಿರಿ
1. ಹಸುಗೂಸಿಗೆ ಹಳೆಯ ನೂಲಿನ ಬಟ್ಟೆ ಹಿತವೆನ್ನಲು ಕಾರಣವೇನು?
2. ಸಿದ್ದಿ ಮಹಿಳೆಯರು ಕೌದಿಯ ಮೂಲೆಗಳಲ್ಲಿ ಏನನ್ನು ಇರಿಸುತ್ತಾರೆ?
3. ಬ್ರಿಟನ್ನಿನಲ್ಲಿ ಬಟ್ಟೆಯ ಪಡಿತರ ಯಾವಾಗ ಜಾರಿಗೆ ಬಂದಿತು?

ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ
1. ತಂದೆ ಲೆಕ್ಕದ ಪುಸ್ತಕವನ್ನು ಮಕ್ಕಳಿಗೆ ತೋರಿಸಿದುದರಿಂದ ಏನಾಯಿತು?
2. ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿರಿ.

ಚಟುವಟಿಕೆ
ನಿಮ್ಮ ಮನೆಯಲ್ಲಿ ಮೂರಕ್ಕಿಂತ ಹೆಚ್ಚು ಬಗೆಯ ಬಳಕೆ ಕಂಡ ಒಂದು ವಸ್ತುವನ್ನು ಗುರುತಿಸಿ, ಹಿರಿಯರನ್ನು ಕೇಳಿ ತಿಳಿದು ಅದರ ಕಥೆಯನ್ನು ಬರೆಯಿರಿ.