ಪ್ರೀತಿಯ ಹೆಸರಿನ ಹಿಂಸೆ: ಐಸಿಸಿ ಕೋಣೆಯಲ್ಲಿ ಕಲಿತದ್ದು

ವಿಶ್ವವಿದ್ಯಾಲಯದ ಆಂತರಿಕ ದೂರು ಸಮಿತಿಯಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಐಸಿಸಿಯಲ್ಲಿ, ಕೂತು ದೂರು ಕೇಳುತ್ತ ಬಂದವಳು ನಾನು. ನೊಂದ ವಿದ್ಯಾರ್ಥಿನಿಗೂ ಅವಳು ನಂಬಿ ಬರುವ ಗೆಳತಿ, ವಾರ್ಡನ್, ಮೇಷ್ಟ್ರುಗಳಿಗೂ ಉಪಯೋಗಕ್ಕೆ ಬರುವಷ್ಟನ್ನು ಇಲ್ಲಿ ಬರೆದಿದ್ದೇನೆ.

1. ದೂರು ಬೇರೆ ವೇಷದಲ್ಲಿ ಬರುತ್ತದೆ.
ಹಾಜರಾತಿ ಕಡಿಮೆಯಾಗಿದೆ, ಹಾಸ್ಟೆಲ್ ರೂಮ್ ಬದಲಿಸಿಕೊಡಿ, ಇಂಟರ್ನಲ್ಸ್ ಇನ್ನೊಮ್ಮೆ ಬರೆಯುತ್ತೇನೆ ಎಂದು ಬರುತ್ತಾರೆ. ನಿಧಾನವಾಗಿ ಕೇಳುತ್ತ ಹೋದರೆ ಒಳಗಿನದು ಹೊರಬರುತ್ತದೆ: ಫೋನಿನ ಪಾಸ್‌ವರ್ಡ್ ಗೆಳೆಯನ ಕೈಲಿದೆ, ರೂಮಿನಲ್ಲೇ ಇದ್ದೇನೆಂದು ರಾತ್ರಿ ವಿಡಿಯೊ ಕಾಲ್‌ನಲ್ಲಿ ತೋರಿಸಬೇಕು, ಪರೀಕ್ಷೆಯ ಹಿಂದಿನ ದಿನವೇ ಜಗಳ. "ಹೊಡೆದಿಲ್ಲ ಮೇಡಂ, ಸ್ವಲ್ಪ ಪೊಸೆಸಿವ್ ಅಷ್ಟೆ" ಎಂದರೆ ಮಾತು ಅಲ್ಲಿಗೇ ನಿಲ್ಲಿಸಬೇಡಿ.

2. ಅವನಿಗಿಂತ ಮನೆಯ ಭಯ ದೊಡ್ಡದು.
"ಊರಲ್ಲಿ ಗೊತ್ತಾದ್ರೆ ಓದು ಬಿಡಿಸ್ತಾರೆ ಮೇಡಂ." ಇದು ಅವನಿಗೂ ಗೊತ್ತು. "ನಿಮ್ಮಪ್ಪಂಗೆ ಫೋಟೊ ಕಳಿಸ್ತೀನಿ" ಎಂದು ಬೆದರಿಸುವುದು ಅದಕ್ಕೇ. 18 ತುಂಬಿದವಳ ಮನೆಗೆ ಅವಳನ್ನು ಕೇಳದೆ ಫೋನ್ ಮಾಡಿದರೆ ನೀವು ಅವನ ಕೆಲಸವನ್ನೇ ಮಾಡಿಕೊಟ್ಟಂತೆ. ದೂರಿನ ಗುಟ್ಟು ಕಾಪಾಡುವುದು ಸಮಿತಿಯ ಕಾನೂನಿನ ಹೊಣೆ. 18 ತುಂಬಿರದಿದ್ದರೆ ಮಾತ್ರ, ಲೈಂಗಿಕ ದೌರ್ಜನ್ಯವನ್ನು ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಈ ನಿಯಮವನ್ನು ಅವಳು ಬಾಯಿ ಬಿಡುವ ಮುನ್ನವೇ ಅವಳಿಗೆ ಹೇಳಿಬಿಡಿ.

3. ವಿಚಾರಣೆಗೆ ಮೊದಲು ರಕ್ಷಣೆ ಕೇಳಿ.
ವಿಚಾರಣೆಗೆ 90 ದಿನದ ಅವಕಾಶವಿದೆ. ಆದರೆ ಅವನು ನಾಳೆ ಬೆಳಿಗ್ಗೆಯೇ ಅವಳ ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಯುಜಿಸಿಯ 2015ರ ನಿಯಮಾವಳಿ ಇದಕ್ಕೆ ದಾರಿ ಕೊಟ್ಟಿದೆ: ಇಬ್ಬರಲ್ಲಿ ಒಬ್ಬರ ಸೆಕ್ಷನ್ ಬದಲಿಸಬಹುದು, ಅವನಿಗೆ ದೂರವಿರುವಂತೆ ಆದೇಶಿಸಬಹುದು, ಅಗತ್ಯವಿದ್ದರೆ ಕ್ಯಾಂಪಸ್ ಪ್ರವೇಶವನ್ನೇ ತಡೆಯಬಹುದು, ಅವಳಿಗೆ ರಜೆ ಕೊಡಬಹುದು. ಆರೋಪ ಗೈಡ್ ಮೇಲಿದ್ದರೆ ಅವಳ ಮೌಲ್ಯಮಾಪನದಿಂದ ಅವರನ್ನು ಹೊರಗಿಡಬಹುದು. ಬೇಕಾದ ರಕ್ಷಣೆ ಯಾವುದೆಂದು ಅರ್ಜಿಯಲ್ಲೇ ಬರೆಯಿರಿ. ಕೇಳದೆ ಸಿಗುವುದು ಅಪರೂಪ.

4. ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ.
ಸಿಟ್ಟಿನಲ್ಲಿ ಚಾಟ್ ಅಳಿಸಿ ಬಂದವರಿಗೆ ದೂರು ರುಜುವಾತು ಮಾಡುವುದು ಕಷ್ಟ. ದಿನಾಂಕ, ಜಾಗ, ನೋಡಿದವರ ಹೆಸರು ಒಂದು ಕಡೆ ಬರೆದಿಡಿ. ಪ್ರತಿಯನ್ನು ಅವನ ಕೈಗೆ ಸಿಗದ ಕಡೆ ಇಡಿ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಐಸಿಸಿಗೆ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಕಾಲ ಕೊಡಬಹುದು.

5. ಐಸಿಸಿಗೆ ಎಲ್ಲವೂ ಸೇರುವುದಿಲ್ಲ.
ಅದರ ವ್ಯಾಪ್ತಿ ಲೈಂಗಿಕ ಕಿರುಕುಳ. ಬರೀ ಹೊಡೆತದ ದೂರು ಶಿಸ್ತು ಸಮಿತಿಗೂ ಪೊಲೀಸರಿಗೂ ಹೋಗಬೇಕು. ಬೇಡವೆಂದ ಮೇಲೂ ಹಿಂದೆ ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್‌ನಡಿ ಅಪರಾಧ. ಹಿಂಸಿಸುವವನು ಗಂಡನಾಗಿದ್ದರೆ, ಅಥವಾ ಮದುವೆಯಂತೆಯೇ ಒಂದೇ ಮನೆಯಲ್ಲಿ ಬಾಳಿದ್ದರೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಪಡೆಯಬಹುದು. ಹುಡುಗರಿಗೂ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೂ ಐಸಿಸಿ ಬಾಗಿಲು ತೆರೆದಿದೆ.

6. ಛೇಂಬರಿನಲ್ಲಿ ಪಂಚಾಯಿತಿ ಬೇಡ.
ಇಬ್ಬರನ್ನೂ ಕರೆಸಿ, ಕ್ಷಮಾಪಣೆ ಪತ್ರ ಬರೆಸಿ ಕಳಿಸಿದರೆ ಆ ಸಂಜೆಯೇ ಅವನ ಸೇಡು ಅವಳಿಗೆ ಕಾದಿರುತ್ತದೆ. ಇದು ಮೇಲಿನವರು ತಮ್ಮ ಛೇಂಬರಿನಲ್ಲಿ ತೀರ್ಮಾನಿಸುವ ವಿಷಯವಲ್ಲ: ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಐಸಿಸಿ ಸದಸ್ಯರಾಗುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ರಾಜಿ ಅವಳಾಗಿ ಕೇಳಿದರೆ ಮಾತ್ರ. ಅದರಲ್ಲೂ ದುಡ್ಡಿನ ಮಾತು ಬರುವಂತಿಲ್ಲ.

7. ನಂಬರುಗಳನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ.
ಫೋನ್ ಅವನು ನೋಡುತ್ತಾನೆಂಬುದು ನೆನಪಿರಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಫೋಟೊ ಹರಿಬಿಡುವ ಬೆದರಿಕೆಗೆ ಸೈಬರ್ ಸಹಾಯವಾಣಿ 1930, ಮನಸ್ಸು ಕುಸಿದರೆ ಟೆಲಿ ಮನಸ್ 14416, ಕಾನೂನು ನೆರವಿಗೆ 15100. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಈ ನೆರವು ಉಚಿತ. ಸಖಿ ಕೇಂದ್ರಗಳಲ್ಲಿ ವೈದ್ಯಕೀಯ, ಪೊಲೀಸ್, ಕಾನೂನು ನೆರವು, ಕೆಲ ದಿನದ ಆಸರೆ ಒಂದೇ ಸೂರಿನಡಿ ಸಿಗುತ್ತವೆ.

ಅವಳು ಬಂದು ಕೂತಾಗ "ಯಾಕೆ ಅವನ ಜೊತೆ ಹೋದೆ" ಎಂದು ದಯವಿಟ್ಟು ಕೇಳಬೇಡಿ. ಇವತ್ತು ರಾತ್ರಿ ಎಲ್ಲಿ ಉಳಿಯುತ್ತಾಳೆಂದು ಕೇಳಿ. ನಿಮ್ಮ ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಐಸಿಸಿ ಸದಸ್ಯರ ಹೆಸರು, ಫೋನ್ ನಂಬರ್ ಇವೆಯೇ ನೋಡಿ. ಇಲ್ಲದಿದ್ದರೆ ಈ ವಾರವೇ ಹಾಕಿಸಿ.