ಗೋಡೆಯ ಪ್ಲಗ್ಗಿನಿಂದ ಪ್ರೊಸೆಸರ್‌ವರೆಗೆ

ಗೇಮ್ ಆಡಲಿಕ್ಕೆ ಮೊದಲ ಕಂಪ್ಯೂಟರ್ ಕಟ್ಟಬೇಕು, ಕಡಿಮೆ ದುಡ್ಡಿನಲ್ಲಿ ಯಾವ ಪ್ರೊಸೆಸರ್ ಒಳ್ಳೆಯದು ಎಂದು ಕೇಳಿಕೊಂಡು ಬರುವ ಹುಡುಗರ ಹತ್ತಿರ ನಾನು ಮೊದಲು ವಿಚಾರಿಸುವುದು ಅವರ ಮನೆಯ ಕರೆಂಟಿನ ಬಗ್ಗೆ. ಮಳೆಗಾಲದಲ್ಲಿ ಎಷ್ಟು ಹೊತ್ತು ಇರುವುದಿಲ್ಲ, ಸಂಜೆ ವೋಲ್ಟೇಜ್ ಇಳಿದು ಫ್ಯಾನ್ ನಿಧಾನವಾಗುತ್ತದೆಯೇ, ಅರ್ಥಿಂಗ್ ಸರಿ ಇದೆಯೇ, ಇನ್ವರ್ಟರ್ ಇದ್ದರೆ ಯಾವ ನಮೂನೆಯದು. ಹುಡುಗರಿಗೆ ಇದು ರುಚಿಸುವುದಿಲ್ಲ. ಅವರ ತಲೆಯಲ್ಲಿ ಇರುವುದು ಕೋರ್, ಥ್ರೆಡ್, ಗಿಗಾಹರ್ಟ್ಸ್. ಅವೂ ಬೇಕು, ಅಲ್ಲಗಳೆಯುವುದಿಲ್ಲ. ಆದರೆ ಭಟ್ಕಳದಿಂದ ಕುಮಟಾದವರೆಗಿನ ಈ ಕರಾವಳಿ ಪಟ್ಟಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಷಿನ್ ಬಾಳಬೇಕಾದರೆ ಲೆಕ್ಕವನ್ನು ಗೋಡೆಯ ಪ್ಲಗ್ಗಿನಿಂದ ಶುರುಮಾಡಿ ಒಳಗೆ ಹೋಗಬೇಕು ಎಂಬುದು ಹೊನ್ನಾವರದಲ್ಲಿ ನನ್ನದನ್ನು ಕಟ್ಟಿ, ಆಮೇಲೆ ಗೆಳೆಯರ, ನೆಂಟರ ಮನೆಗಳಲ್ಲಿ ಕಟ್ಟಿಕೊಟ್ಟು ನನಗೆ ಗಟ್ಟಿಯಾದ ಮಾತು.

ನಾನು ಕಟ್ಟಿದ್ದು 2022ರ ಆರಂಭದಲ್ಲಿ. ಆಗ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಮುಟ್ಟುವ ಹಾಗಿರಲಿಲ್ಲ. ಚಿಪ್ಪುಗಳ ಕೊರತೆ ಒಂದು ಕಡೆ, ಇಥೀರಿಯಂ ನಾಣ್ಯದ ಮೈನಿಂಗ್‌ಗಾಗಿ ಕಾರ್ಡುಗಳನ್ನು ರಾಶಿ ರಾಶಿಯಾಗಿ ಕೊಳ್ಳುವವರು ಇನ್ನೊಂದು ಕಡೆ. ಕೈಯಲ್ಲಿದ್ದ ದುಡ್ಡಿಗೆ ಕಾರ್ಡು ಬರುವಂತಿರಲಿಲ್ಲ, ಆಟವಂತೂ ಆಡಬೇಕಿತ್ತು. ಹಾಗಾಗಿ ಎಎಂಡಿಯ ರೈಜನ್ 5 5600ಜಿ ತೆಗೆದುಕೊಂಡೆ. ಆರು ಕೋರ್, ಹನ್ನೆರಡು ಥ್ರೆಡ್, ಒಳಗೇ ವೇಗಾ ಗ್ರಾಫಿಕ್ಸ್, 65 ವಾಟ್. ವ್ಯಾಲೊರಂಟ್ ಸಲೀಸಾಗಿ ಓಡಿತು, ಜಿಟಿಎ 5 ಸಾಧಾರಣ ಸೆಟ್ಟಿಂಗ್‌ನಲ್ಲಿ ಪೂರ್ತಿ ಆಡಿ ಮುಗಿಸಿದೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿ ಕಾರ್ಡಿನ ಮೈನಿಂಗ್ ಕೈಬಿಟ್ಟಿತು, ಕಾರ್ಡುಗಳ ಬೆಲೆಯೂ ಇಳಿಯಿತು. ಮರುವರ್ಷ ಆರ್‌ಎಕ್ಸ್ 6600 ತಂದು ಅದೇ ಬೋರ್ಡಿಗೆ ಹಾಕಿದೆ. ಪ್ರೊಸೆಸರ್ ಬದಲಿಸುವ ಪ್ರಮೇಯ ಬರಲಿಲ್ಲ.

5600ಜಿಯ ಮಿತಿಗಳನ್ನು ಮುಚ್ಚಿಡಬಾರದು. ಅದರ ಎಲ್3 ಕ್ಯಾಶೆ 16 ಎಂಬಿ. ಜಿ ಇಲ್ಲದ 5600ಕ್ಕೆ 32 ಎಂಬಿ. ಕಾರ್ಡಿಗೆ ಹೋಗುವ ಪಿಸಿಐಇ ದಾರಿ 5600ಜಿಯಲ್ಲಿ 3ನೇ ತಲೆಮಾರಿನದು, 5600ರಲ್ಲಿ 4ನೆಯದು. ಕಾರ್ಡನ್ನೂ ಒಟ್ಟಿಗೇ ಕೊಳ್ಳುವ ಶಕ್ತಿ ಇದ್ದವರಿಗೆ 5600 ಹೆಚ್ಚು ಸರಿ. ಇನ್ನೊಂದು ಎಚ್ಚರ: ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಅಗ್ಗದ ಕಾರ್ಡು ನಾಲ್ಕೇ ಲೇನ್‌ಗಳಲ್ಲಿ ಕೆಲಸ ಮಾಡುತ್ತದೆ. 5600ಜಿ ಅಥವಾ 5500ರ ಜೊತೆ ಹಾಕಿದರೆ ಅದರ ದಾರಿ ಅರ್ಧಕ್ಕರ್ಧ ಕಿರಿದಾಗಿ ಆಟ ಮುಗ್ಗರಿಸುತ್ತದೆ. 6600ಕ್ಕೆ ಎಂಟು ಲೇನ್ ಇರುವುದರಿಂದ ನನ್ನಲ್ಲಿ ಅಂಥ ತೊಂದರೆ ಕಾಣಲಿಲ್ಲ.

ಈಗ ಕರೆಂಟಿನ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಯುಪಿಎಸ್‌ಗಿಂತ ಮನೆಯ ಇನ್ವರ್ಟರ್ ಮೇಲೆಯೇ ಕಂಪ್ಯೂಟರ್ ನಡೆಸುವವರು ಹೆಚ್ಚು. ಹೆಸ್ಕಾಂ ಲೈನ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಚಿಕ್ಕ ಗಳಿಗೆಯಲ್ಲಿ ಕಂಪ್ಯೂಟರನ್ನು ಹಿಡಿದಿಡುವುದು ಎಸ್‌ಎಂಪಿಎಸ್‌ನೊಳಗಿನ ಕೆಪಾಸಿಟರ್. ಪೂರ್ತಿ ಲೋಡಿನಲ್ಲಿ ಅದು ತಾಳುವುದು ಸುಮಾರು 16–17 ಮಿಲಿಸೆಕೆಂಡು ಮಾತ್ರ. ಲೋಡು ಕಡಿಮೆ ಇದ್ದಷ್ಟೂ ಹೆಚ್ಚು ಹೊತ್ತು ತಾಳುತ್ತದೆ. ಹೆಚ್ಚಿನ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಸಾಧಾರಣ ಮೋಡಿನಲ್ಲಿ ಅದು ತಡವಾಗುವುದರಿಂದ ಮಷಿನ್ ರೀಸ್ಟಾರ್ಟ್ ಆಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಸ್ವಿಚ್ ಇರುವುದೇ ಯಾರಿಗೂ ಗೊತ್ತಿರುವುದಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು ಗುಂಯ್‌ಗುಡುತ್ತವೆ, ಕೆಲವು ಆಫ್ ಆಗಿಬಿಡುತ್ತವೆ. ಸೈನ್ ವೇವ್ ಬೇಕು.

ಕಾರ್ಡಿಲ್ಲದ 5600ಜಿ ಮಷಿನ್ ಆಟದ ಹೊತ್ತಿನಲ್ಲೂ ನೂರು ವಾಟ್‌ನ ಆಸುಪಾಸಿನಲ್ಲಿ ಇರುತ್ತದೆ. 600 ವಿಎಯ ಸಾಧಾರಣ ಯುಪಿಎಸ್ ಕೊಡುವುದು 360 ವಾಟ್. ಮಾನಿಟರ್ ಸೇರಿಸಿದರೂ ಬೇಕಾದಷ್ಟು ಮಿಗುತ್ತದೆ. ಆಟ ಸೇವ್ ಮಾಡಿ, ಮಷಿನ್ ಸರಿಯಾಗಿ ಬಂದ್ ಮಾಡಲು ಸಮಯ ಸಿಗುತ್ತದೆ. 65 ವಾಟ್‌ನ ಒಳಗಿನ ಪ್ರೊಸೆಸರ್ ನಮ್ಮ ಊರಿಗೆ ಹೇಳಿ ಮಾಡಿಸಿದ್ದು ಎನ್ನಲು ನನಗೆ ಇದೇ ಮೊದಲ ಕಾರಣ.

ಎರಡನೆಯದು ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆಸಾಲಿನ ಮನೆಗಳಲ್ಲಿ ರಾತ್ರಿಯೂ ಕೋಣೆ ತಣಿಯುವುದಿಲ್ಲ. ಎಸಿ ಇಲ್ಲದ ಕೋಣೆಯಲ್ಲಿ ಹೆಚ್ಚು ವಾಟಿನ ಪ್ರೊಸೆಸರ್ ಇಟ್ಟರೆ ಅದನ್ನು ತಣಿಸುವ ಕೂಲರ್‌ಗೇ ಬೇರೆ ದುಡ್ಡು ಬೇಕು. 5600ಜಿ, 5600 ಅಥವಾ ಇಂಟೆಲ್‌ನ ಐ3-12100ಕ್ಕೆ ಡಬ್ಬದಲ್ಲಿ ಬರುವ ಕೂಲರ್ ಸಾಕು. ಕಡಲಗಾಳಿಗೆ ಮುಖಮಾಡಿದ ಕಿಟಕಿಯ ಪಕ್ಕ ಕ್ಯಾಬಿನೆಟ್ ಇಡಬೇಡಿ. ಉಪ್ಪಿನ ತೇವಕ್ಕೆ ಪೋರ್ಟುಗಳ ಲೋಹ ಕಿಲುಬು ಹಿಡಿಯುತ್ತದೆ. ಮಳೆಗಾಲದಲ್ಲಿ ಆಡದ ದಿನವೂ ಸ್ವಲ್ಪ ಹೊತ್ತು ಚಾಲೂ ಮಾಡಿಟ್ಟರೆ ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ಸಿಡಿಲಿದ್ದಾಗ ಪ್ಲಗ್ ಕಿತ್ತಿಡುವುದು ನಮ್ಮ ಕಡೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಇಂಟರ್ನೆಟ್ಟಿನ ಕೇಬಲ್ಲನ್ನೂ ಕೀಳಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಆಟದಲ್ಲಿ ಪ್ರೊಸೆಸರ್‌ನ ಪಾತ್ರ ಏನು ಎಂದು ಕುಮಟಾದಲ್ಲಿರುವ ನನ್ನ ಅಕ್ಕನ ಮಗ ಕೇಳಿದ್ದ. "ಮಾವ, ಚಿತ್ರ ಬಿಡಿಸುವುದು ಕಾರ್ಡೇ ಅಲ್ವಾ, ಹಾಗಾದ್ರೆ ಪ್ರೊಸೆಸರ್‌ಗೆ ಯಾಕೆ ದುಡ್ಡು ಹಾಕ್ಬೇಕು?" ಯಕ್ಷಗಾನ ನೋಡಿ ಬೆಳೆದ ಹುಡುಗ, ಅದರಲ್ಲೇ ಹೇಳಿದೆ: ಪ್ರೊಸೆಸರ್ ಭಾಗವತ ಇದ್ದ ಹಾಗೆ, ಕಾರ್ಡು ವೇಷಧಾರಿ. ಭಾಗವತರು ಪದ ಎತ್ತಿದ ವೇಗಕ್ಕಿಂತ ಮುಂದೆ ಹೋಗಿ ಯಾವ ವೇಷವೂ ಕುಣಿಯುವುದಿಲ್ಲ. ವೇಷಕ್ಕೆ ಕಸುವಿಲ್ಲದಿದ್ದರೆ ಭಾಗವತರು ಎಷ್ಟು ಚುರುಕಾಗಿ ಹಾಡಿದರೂ ರಂಗ ಕಳೆಗಟ್ಟುವುದಿಲ್ಲ. ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿಗೆ ತಾಗಿತು, ಮುಂದಿನ ಚೌಕಟ್ಟಿನಲ್ಲಿ ಏನೇನು ಬಿಡಿಸಬೇಕು ಎಂಬ ಲೆಕ್ಕವೆಲ್ಲ ಪ್ರೊಸೆಸರ್‌ನದು. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2ರಂಥ ಆಟಗಳಲ್ಲಿ ಸೆಕೆಂಡಿಗೆ ನೂರಾರು ಫ್ರೇಮ್ ಬೇಕೆನ್ನುವವರಿಗೆ ಪ್ರೊಸೆಸರ್ ಮುಖ್ಯವಾಗುತ್ತದೆ. ಕಥೆಯಿರುವ ದೊಡ್ಡ ಆಟಗಳನ್ನು 60 ಹರ್ಟ್ಸ್ ಮಾನಿಟರ್‌ನಲ್ಲಿ ಆಡುವವರಿಗೆ ಕಾರ್ಡೇ ಮುಖ್ಯ. ಅರವತ್ತಕ್ಕಿಂತ ಹೆಚ್ಚಿನ ಫ್ರೇಮನ್ನು ಆ ಪರದೆ ತೋರಿಸುವುದೇ ಇಲ್ಲ. ಹಳೆಯ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವ ಹುಡುಗನಿಗೆ ಐ5, ಐ7 ಕೊಡಿಸುವುದು ದುಡ್ಡನ್ನು ಕಾಣದ ಜಾಗದಲ್ಲಿ ಇಟ್ಟಂತೆ.

ಆ ಅಳಿಯನಿಗೆ ಮನಸ್ಸಿದ್ದದ್ದು ಹಳೆಯ ಕ್ಸಿಯಾನ್ ಸೆಟ್ಟಿನ ಮೇಲೆ. 2014ರ ಕ್ಸಿಯಾನ್ ಇ5-2670 ವಿ3, ಹನ್ನೆರಡು ಕೋರ್, ಜೊತೆಗೆ ಹೆಸರು ಕೇಳದ ಕಂಪನಿಯ ಎಕ್ಸ್99 ಬೋರ್ಡು, ರ್‍ಯಾಮ್, ಎಲ್ಲ ಸೇರಿ ಹೊಸ ಐ3ಯ ದರಕ್ಕೆ. ಹನ್ನೆರಡು ಕೋರ್ ಎಂದರೆ ಯಾರಿಗೂ ಆಸೆಯಾಗುತ್ತದೆ. ಆದರೆ ಅದು ಸರ್ವರ್‌ಗಾಗಿ ಮಾಡಿದ ಚಿಪ್ಪು. ಹೆಚ್ಚಿನ ಆಟಗಳಿಗೆ ಬೇಕಾದದ್ದು ಕೆಲವೇ ಕೋರ್‌ಗಳ ವೇಗ. 2022ರ ನಾಲ್ಕು ಕೋರಿನ ಐ3-12100 ಆ ವಿಷಯದಲ್ಲಿ ಅದಕ್ಕಿಂತ ಬಹಳ ಮುಂದೆ. ಕ್ಸಿಯಾನ್ ಎಳೆಯುವುದು 120 ವಾಟ್, ಐ3ಯ ಮೂಲ ಅಳತೆ 60 ವಾಟ್. ಮೇಲಾಗಿ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿ ಅಥವಾ ಅದರಿಂದ ಈಚಿನದು ಬೇಕು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ತೆರೆಯಲು ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಇರಲೇಬೇಕು. ಆಫೀಸುಗಳಿಂದ ಹೊರಬಿದ್ದ ಐ7-3770ರಂಥ ಮಷಿನ್‌ಗಳಿಗೂ ಇದೇ ಮಾತು. ಕಾಲೇಜಿನ ಪ್ರಾಜೆಕ್ಟ್ ಬರೆಯಲು ಅವು ಇನ್ನೂ ಉಪಯೋಗಕ್ಕೆ ಬರುತ್ತವೆ. ಮೊದಲ ಗೇಮಿಂಗ್ ಮಷಿನ್‌ಗೆ ಬೇಡವೇ ಬೇಡ.

ಭಟ್ಕಳದ ಗೆಳೆಯನ ಮನೆಯದು ಬೇರೆ ರೀತಿ. ಅಣ್ಣ ದುಬೈಯಲ್ಲಿ, ರಜೆಗೆ ಬರುವಾಗ ಏನು ತರಲಿ ಎಂದು ಕೇಳುತ್ತಾನೆ. ಭಟ್ಕಳದಲ್ಲಿ ಇಂಥ ಅಣ್ಣಂದಿರಿಲ್ಲದ ಮನೆ ಕಡಿಮೆ. ನಾನು ಹೇಳಿದ್ದು ಇಷ್ಟು: ಪ್ರೊಸೆಸರ್ ತರಲಿ, ಅದು ಅಂಗೈಯಲ್ಲಿ ಹಿಡಿಸುವ ವಸ್ತು, ಕೆಡುವುದೂ ಅಪರೂಪ. ಮದರ್‌ಬೋರ್ಡು, ಕಾರ್ಡು, ಎಸ್‌ಎಂಪಿಎಸ್ ಇಲ್ಲಿಯೇ ಬಿಲ್ಲು ಸಮೇತ ಕೊಳ್ಳಬೇಕು. ಕೆಡುವುದು ಇವೇ, ಮತ್ತು ಇವುಗಳ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೇ ಸೀಮಿತ.

ಆ ಗೆಳೆಯನ ಪಟ್ಟಿಯಲ್ಲಿದ್ದದ್ದು ಐ3-12100ಎಫ್. ಕೊನೆಯ ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡಿಲ್ಲದೆ ಪರದೆಯ ಮೇಲೆ ಏನೂ ಬರುವುದಿಲ್ಲ, ಬೋರ್ಡಿನ ಎಚ್‌ಡಿಎಂಐ ಪೋರ್ಟು ಇದ್ದೂ ಇಲ್ಲದಂತೆ. ದೊಡ್ಡ ಊರಿನವರು ಎಫ್ ಕೊಂಡು ಉಳಿದ ದುಡ್ಡನ್ನು ಕಾರ್ಡಿಗೆ ಹಾಕುವುದು ಸರಿಯೇ. ನಮ್ಮಲ್ಲಿ ಕಾರ್ಡು ಕೆಟ್ಟರೆ ಅದು ಘಟ್ಟ ಹತ್ತಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕು, ವಾರಗಟ್ಟಲೆ ಕಾಯಬೇಕು. ಅಷ್ಟು ದಿನ ಮನೆಯ ಏಕೈಕ ಕಂಪ್ಯೂಟರ್ ಕುರುಡಾಗಿ ಕೂರುತ್ತದೆ. ತಂಗಿಯ ಆನ್‌ಲೈನ್ ಅರ್ಜಿಯೂ ನಿಲ್ಲುತ್ತದೆ. ಸ್ವಲ್ಪ ಹೆಚ್ಚು ಕೊಟ್ಟು ಎಫ್ ಇಲ್ಲದ 12100 ತೆಗೆದುಕೊಳ್ಳಲು ಹೇಳಿದೆ. ಅದರ ಯುಎಚ್‌ಡಿ 730 ಗ್ರಾಫಿಕ್ಸ್‌ನಲ್ಲಿ ದೊಡ್ಡ ಆಟ ನಡೆಯುವುದಿಲ್ಲ, ಮನೆಯ ಕೆಲಸ ನಡೆಯುತ್ತದೆ.

ಬೋರ್ಡಿನ ವಿಷಯದಲ್ಲೂ ಚಿಕ್ಕ ಊರಿನ ಕಷ್ಟವೊಂದಿದೆ. ಬಿ450 ಬೋರ್ಡುಗಳು 2018ರವು. ಅಂಗಡಿಯಲ್ಲಿ ಬಹಳ ಕಾಲ ಕೂತ ಹಳೆಯ ಸ್ಟಾಕಾದರೆ ಬಯೋಸ್ ಹೊಸದು ಮಾಡದೆ 5600, 5600ಜಿಗಳನ್ನು ಅವು ಗುರುತಿಸುವುದಿಲ್ಲ. ಹೊಸದು ಮಾಡಲು ಹಳೆಯ ರೈಜನ್ ಒಂದು ಬೇಕು. ಅದು ಊರಿನಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಪರಿಚಯದ ಹುಡುಗನೊಬ್ಬನಿಗೆ ಅಂಗಡಿಯವರು ಅಂಥ ಬೋರ್ಡು ಕೊಟ್ಟು, ಮಷಿನ್ ಚಾಲೂ ಆಗದಿದ್ದಾಗ ಪ್ರೊಸೆಸರೇ ಸತ್ತಿದೆ ಎಂದಿದ್ದರು. ಪ್ರೊಸೆಸರ್‌ಗೆ ಏನೂ ಆಗಿರಲಿಲ್ಲ. ಪೆನ್‌ಡ್ರೈವ್‌ನಿಂದಲೇ ಬಯೋಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುವ ಬೋರ್ಡು ಕೇಳಿ, ಇಲ್ಲವೇ ಅಂಗಡಿಯಲ್ಲೇ ಜೋಡಿಸಿ ಪರದೆ ಬಂದದ್ದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ಎಚ್610 ಬೋರ್ಡು ಮತ್ತು 12ನೇ ತಲೆಮಾರಿನ ಐ3 ಒಂದೇ ಕಾಲದವು, ಅಲ್ಲಿ ಈ ತಾಪತ್ರಯವಿಲ್ಲ.

ರ್‍ಯಾಮ್ ಬಗ್ಗೆ ಒಂದೇ ಮಾತು. 5600ಜಿಯ ಗ್ರಾಫಿಕ್ಸ್‌ಗೆ ಸ್ವಂತ ಮೆಮರಿ ಇಲ್ಲ, ಅದು ರ್‍ಯಾಮನ್ನೇ ಬಳಸುತ್ತದೆ. 16 ಜಿಬಿಯ ಒಂದು ಸ್ಟಿಕ್ ಹಾಕಿದರೆ ಅರ್ಧ ದಾರಿ ಮುಚ್ಚಿದಂತೆ. 8 ಜಿಬಿಯ ಎರಡು ಹಾಕಿ, ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಆನ್ ಮಾಡದಿದ್ದರೆ 3200ರ ರ್‍ಯಾಮ್ ಎಷ್ಟೋ ಬೋರ್ಡುಗಳಲ್ಲಿ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಬೋರ್ಡುಗಳು ಮುಂದಿನ ಕಾಲದವು ಎಂಬುದು ನಿಜ. ಆದರೆ ಅವಕ್ಕೆ ಡಿಡಿಆರ್5 ರ್‍ಯಾಮೇ ಬೇಕು, ಮತ್ತು 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರುತ್ತಲೇ ಹೋಗಿದೆ. ಡಿಡಿಆರ್4 ರ್‍ಯಾಮ್ ಮನೆಯ ಹಳೆಯ ಮಷಿನ್‌ನಲ್ಲೋ ಗೆಳೆಯರ ಹತ್ತಿರವೋ ಸಿಕ್ಕರೆ 5600, 5600ಜಿ ಕೂರುವ ಎಎಂ4 ಬೋರ್ಡೇ ಇಂದಿಗೂ ಕಡಿಮೆ ದುಡ್ಡಿನ ಸರಿಯಾದ ದಾರಿ. ಹೊಸದಾಗಿಯೇ ಎಲ್ಲ ಕೊಳ್ಳುವುದಾದರೆ ಎರಡೂ ಸೆಟ್‌ಗಳ ಒಟ್ಟು ಮೊತ್ತವನ್ನು ಒಂದೇ ದಿನ ಕೇಳಿ ಹೋಲಿಸಿ. ಪ್ರೊಸೆಸರ್ ಒಂದರದ್ದೇ ಬೆಲೆ ನೋಡಿ ತೀರ್ಮಾನಿಸಬೇಡಿ.

ನನ್ನನ್ನು ಕೇಳಿದರೆ ಇಷ್ಟೇ: ಕಾರ್ಡಿಗೆ ಈಗ ದುಡ್ಡಿಲ್ಲದಿದ್ದರೆ 5600ಜಿ, ಕಾರ್ಡೂ ಒಟ್ಟಿಗೇ ಬರುವುದಾದರೆ ಎಫ್ ಇಲ್ಲದ ಐ3-12100, ಇನ್ನೂ ಸ್ವಲ್ಪ ಕೈ ಚಾಚುವುದಾದರೆ ರೈಜನ್ 5 5600. ಇವುಗಳಲ್ಲಿ ಯಾವುದನ್ನೇ ಆರಿಸಿದರೂ ಒಳ್ಳೆಯ ಎಸ್‌ಎಂಪಿಎಸ್ ಮತ್ತು ಯುಪಿಎಸ್‌ನ ದುಡ್ಡನ್ನು ಮೊದಲೇ ಬದಿಗಿಡಿ, ಕೊಂಡ ಪ್ರತಿ ವಸ್ತುವಿಗೂ ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಿರಿ, ಮಳೆ ಹಿಡಿಯುವ ಮೊದಲೇ ಕಟ್ಟಿ ಮುಗಿಸಿ.