ಸಂಘಕ್ಕೆ ಸಾಫ್ಟ್‌ವೇರ್ ಆರಿಸೋದು ಹೇಗೆ?

ಊರಿನ ಕನ್ನಡ ಸಂಘ ಇರಲಿ, ಹಳೆ ವಿದ್ಯಾರ್ಥಿಗಳ ಸಂಘ ಇರಲಿ, "ನೀವು ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಸದಸ್ಯರ ಲೆಕ್ಕ ಇಡೋಕೆ ಒಂದು ಸಾಫ್ಟ್‌ವೇರ್ ನೋಡಿಕೊಡಿ" ಅನ್ನೋ ಮಾತು ನಮಗೆ ಬಂದೇ ಬರುತ್ತೆ. ತಕ್ಷಣ ನಾವು ಫೀಚರ್‌ಗಳನ್ನು ಹೋಲಿಸೋಕೆ ಕೂರ್ತೀವಿ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನಾಳೆ ಇದನ್ನು ಬಿಡಬೇಕಾಗಿ ಬಂದರೆ ನಮ್ಮ ಪಟ್ಟಿ ಪೂರ್ತಿಯಾಗಿ ಹೊರಗೆ ಬರುತ್ತಾ?

ಸಂಘದ ಪದಾಧಿಕಾರಿಗಳು ಬದಲಾಗ್ತಾರೆ, ಪಟ್ಟಿ ಮಾತ್ರ ಉಳಿಯಬೇಕು. ವಾರ್ಷಿಕ ಮಹಾಸಭೆಯಲ್ಲಿ ಯಾರಿಗೆ ಮತದ ಹಕ್ಕಿದೆ, ಯಾರ ಚಂದಾ ಬಾಕಿ ಇದೆ ಅಂತ ಹೇಳೋದು ಅದೇ. ಅದು ತಪ್ಪಾದರೆ ಚುನಾವಣೆಗೇ ತಕರಾರು.

ಒಬ್ಬರೇ ನೋಡಿಕೊಳ್ಳುವ ಚಿಕ್ಕ ಸಂಘಕ್ಕೆ ಎಕ್ಸೆಲ್ ಸಾಕು. ನಾಲ್ಕು ಜನ ನಾಲ್ಕು ಪ್ರತಿ ಇಟ್ಟುಕೊಂಡಾಗ ತೊಂದರೆ ಶುರು. ಡೇಟಾಬೇಸ್ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತೆ: ವ್ಯಕ್ತಿ, ಸದಸ್ಯತ್ವ, ಪಾವತಿ ಮೂರೂ ಬೇರೆ ಬೇರೆ ಟೇಬಲ್. ಒಬ್ಬರೇ ಹತ್ತು ವರ್ಷ ಚಂದಾ ಕಟ್ಟಿದರೆ ವ್ಯಕ್ತಿ ಒಂದೇ ಸಾಲು, ಪಾವತಿ ಹತ್ತು ಸಾಲು. "ಚಾಲ್ತಿ", "ಅವಧಿ ಮುಗಿದಿದೆ" ಅನ್ನೋದನ್ನು ಕೈಯಿಂದ ಬರೆಯಬಾರದು, ದಿನಾಂಕದಿಂದ ಲೆಕ್ಕ ಹಾಕಬೇಕು.

ಸಿವಿಸಿಆರ್‌ಎಂ ಕೆಲಸ ಮಾಡೋದು ಹೀಗೇ. 2005ರಲ್ಲಿ ಶುರುವಾದ, ಲಾಭರಹಿತ ಸಂಸ್ಥೆಗಳಿಗೆಂದೇ ಮಾಡಿದ ಮುಕ್ತ ತಂತ್ರಾಂಶ ಇದು. ವರ್ಡ್‌ಪ್ರೆಸ್ ಅಥವಾ ಡ್ರೂಪಲ್ ಜೊತೆ ಸೇರಿಸಿಕೊಳ್ಳಬಹುದು. ಅವಧಿ ಮುಗಿದ ಮೇಲೆ ಕೊಡುವ ರಿಯಾಯಿತಿ ದಿನಗಳಿಗೂ ಇದರಲ್ಲಿ ಒಂದು ಸ್ಥಿತಿ ಇದೆ. ಲೈಸೆನ್ಸ್‌ಗೆ ದುಡ್ಡಿಲ್ಲ, ಆದರೆ ಸರ್ವರ್, ಬ್ಯಾಕಪ್, ಅಪ್‌ಡೇಟ್ ನಮ್ಮ ತಲೆಮೇಲೆ. ವೈಲ್ಡ್ ಏಪ್ರಿಕಾಟ್‌ನಂಥ ಕ್ಲೌಡ್ ಸೇವೆಯಲ್ಲಿ ಆ ತಲೆನೋವು ಇಲ್ಲ, ಆದರೆ ಸಂಪರ್ಕಗಳ ಸಂಖ್ಯೆ ಏರಿದ ಹಾಗೆ ಶುಲ್ಕವೂ ಏರುತ್ತೆ.

ಯಾವುದೇ ಇರಲಿ, ಒಪ್ಪಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಕಷ್ಟದ 20 ಕಾಲ್ಪನಿಕ ಹೆಸರು ತಗೊಳ್ಳಿ: ಆಜೀವ ಸದಸ್ಯರು, ಒಂದೇ ಫೋನ್ ನಂಬರ್ ಕೊಟ್ಟ ಗಂಡ-ಹೆಂಡತಿ, ಒಂದೇ ಇನಿಶಿಯಲ್ ಇರುವ ಇಬ್ಬರು ಮಂಜುನಾಥರು, ಕನ್ನಡದಲ್ಲೇ ಬರೆದ ವಿಳಾಸ. ಒಳಗೆ ಹಾಕಿ, ಸಿಎಸ್‌ವಿ ಆಗಿ ಹೊರಗೆ ತೆಗೆದು ಹೋಲಿಸಿ. ಹೆಸರಿನ ಜೊತೆ ಹಳೆಯ ಪಾವತಿಗಳೂ ಬಂದವಾ ನೋಡಿ. ಎಕ್ಸೆಲ್‌ನಲ್ಲಿ ಕನ್ನಡ ಚಿತ್ರವಿಚಿತ್ರವಾಗಿ ಕಂಡರೆ ಸಾಫ್ಟ್‌ವೇರನ್ನು ಬೈಯಬೇಡಿ, ಫೈಲನ್ನು ಯುಟಿಎಫ್-8 ಅಂತ ಆರಿಸಿ ಇಂಪೋರ್ಟ್ ಮಾಡಿ. ಹಳೆ ಪಟ್ಟಿ ನುಡಿಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಕೊನೆಯದಾಗಿ, ನಾವು ಪಾಸಾಗಿ ಕೆಲಸಕ್ಕೆ ಹೋದ ಮೇಲೆ ನೋಡಿಕೊಳ್ಳೋರು ಯಾರು? ಖಾತೆಯನ್ನು ಸಂಘದ ಇಮೇಲ್‌ನಲ್ಲೇ ತೆರೆಯಿರಿ. ಕನಿಷ್ಠ ಇಬ್ಬರಿಗೆ ಅಡ್ಮಿನ್ ಅಧಿಕಾರ ಇರಲಿ. ತಿಂಗಳಿಗೊಮ್ಮೆ ಪಟ್ಟಿಯ ಪ್ರತಿ ತೆಗೆದು ಭದ್ರವಾಗಿ ಇಡೋದನ್ನು ಕಾರ್ಯದರ್ಶಿಯವರಿಗೆ ಪಕ್ಕದಲ್ಲಿ ಕೂತು ಕಲಿಸಿ. ಅವರು ನಿಮ್ಮ ಸಹಾಯ ಇಲ್ಲದೆ ಒಮ್ಮೆ ಮಾಡಿ ತೋರಿಸಿದ ಮೇಲೆ ಹಳೆ ಎಕ್ಸೆಲ್ ಬದಿಗಿಡಿ.